ನೀರು ಬೇಡವೆಂದ ಭರಮವ್ವ

ಹಾನಗಲ್ಲಿನ ದವಾಖಾನೆಯಲ್ಲಿ ನಾನು ಕಂಪೌಂಡರ್ ಆಗಿದ್ದದ್ದು ಹನ್ನೊಂದು ವರ್ಷ. ಅಷ್ಟರಲ್ಲಿ ನನ್ನ ತಲೆ ತಿಂದವರು ಬಹಳ ಮಂದಿ, ಆದರೆ ಸುಣ್ಣದ ಭರಮವ್ವನ ಮುಂದೆ ಅವರೆಲ್ಲ ಏನೂ ಅಲ್ಲ. ದವಾಖಾನೆಗೆ ಬಂದವರು ಬೇನೆ ಹೇಳಬೇಕು, ಔಷಧಿ ಇಸಿದುಕೊಂಡು ಹೋಗಬೇಕು. ಈಕೆ ಹಾಗಲ್ಲ. ಗಂಡನ ಕಣ್ಣಿಗೆ ಹಚ್ಚುವ ಮುಲಾಮು ಕೈಗೆ ಕೊಟ್ಟರೆ ಮೊದಲು ಮೂಸಿ ನೋಡುವಳು. ಆಮೇಲೆ ಬೆರಳ ತುದಿಗೆ ಹಚ್ಚಿಕೊಂಡು ಬೆಳಕಿಗೆ ಹಿಡಿಯುವಳು. ಆಮೇಲೆ ಶುರು.

"ಇದು ಬೆಳ್ಳಗ ಯಾಕೈತ್ರಿ, ಸಾಹೇಬ್ರ?"

"ಬೆಳ್ಳಗೈತಿ, ಅದಕ್ಕ ಬೆಳ್ಳಗೈತಿ. ಹಚ್ಚು ಹೋಗು."

"ನಮ್ಮ ಸುಣ್ಣನೂ ಬೆಳ್ಳಗೈತಿ. ಅದು ಕಣ್ಣ ಸುಡತೈತಿ, ಇದು ತಣ್ಣಗ ಮಾಡತೈತಿ. ಹೆಂಗ ಅಂತ ಕೇಳಿದ್ನಿರಿ."

ಅವಳ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಗೊತ್ತಿಲ್ಲದಿದ್ದರೆ ಎರಡರಷ್ಟು ಸಿಟ್ಟು ಬರುತ್ತಿತ್ತು. ನಾನು ಧಾರವಾಡದ ಕಾಲೇಜಿನಲ್ಲಿ ಒಂದು ವರ್ಷ ಸಾಯನ್ಸ್ ಓದಿ ನಪಾಸಾದವನು. ನಪಾಸಾದದ್ದು ಊರಿಗೆ ಗೊತ್ತಿರಲಿಲ್ಲ, ಓದಿದ್ದಷ್ಟೇ ಗೊತ್ತಿತ್ತು. ಕುಬೇರಪ್ಪ ಅಂದರೆ ಬಾಟಲಿಯ ಮೇಲಿನ ಇಂಗ್ಲಿಷ್ ಓದುವವನು ಎಂದು ನಾಲ್ಕು ಜನ ಎದ್ದು ನಿಲ್ಲುತ್ತಿದ್ದರು. ಆ ಮರ್ಯಾದೆಯ ಮೇಲೆ ನನಗೆ ಆಸೆ ಬಹಳ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಭರಮವ್ವನಿಗೆ ಆಗ ನಲವತ್ತರ ಆಸುಪಾಸು. ಕೆರೆಯ ಆಚೆ ದಂಡೆಗೆ ಅವರ ಸುಣ್ಣದ ಭಟ್ಟಿ ಇತ್ತು. ಹೊಲಗಳಲ್ಲಿ ಸಿಗುವ ಸುಣ್ಣದ ಕಲ್ಲನ್ನು ಆರಿಸಿ ತಂದು ಭಟ್ಟಿಯಲ್ಲಿ ಸುಟ್ಟು, ಮನೆ ಕಟ್ಟುವವರಿಗೂ ಎಲೆ ಅಡಿಕೆಯ ಅಂಗಡಿಯವರಿಗೂ ಮಾರುವುದು ಅವರ ಕಸುಬು. ಮೊಣಕೈವರೆಗೆ ಅವಳ ಕೈ ಯಾವಾಗಲೂ ಬೆಳ್ಳಗೆ. ಗಂಡ ಲಕ್ಕಪ್ಪ ಎರಡೂ ಕಣ್ಣು ಕಳೆದುಕೊಂಡವನು, ಅವುಗಳ ಮೇಲೆ ಯಾವಾಗಲೂ ಅರಿವೆ ಕಟ್ಟಿಕೊಂಡಿರುತ್ತಿದ್ದ. ಭಾರ ಹೊರುವುದು ಅವನು, ದಾರಿ ನೋಡುವುದು ಇವಳು. ಅವನ ತಲೆಯ ಮೇಲೆ ಸುಣ್ಣದ ಬುಟ್ಟಿ, ಕೈಯಲ್ಲಿ ಇವಳ ಸೆರಗಿನ ತುದಿ, ಹೀಗೆ ಇಬ್ಬರೂ ಪೇಟೆ ಸುತ್ತುತ್ತಿದ್ದರು.

ಲಕ್ಕಪ್ಪನ ಕಣ್ಣು ಹೋದ ಕಥೆಯನ್ನು ಅವಳು ನನಗೆ ಹೇಳಿದ್ದು ಗೋಳಾಗಿ ಅಲ್ಲ, ಬಿಡಿಸಲಾರದ ಲೆಕ್ಕದ ಹಾಗೆ. ಮೂವತ್ತಾರನೆಯ ಇಸವಿಯಲ್ಲಿ ತಡಸದ ಒಂದು ಮನೆ ಕಟ್ಟುವವರಿಗೆ ಸುಟ್ಟ ಕಲ್ಲನ್ನು ಬಂಡಿಯಲ್ಲಿ ಒಯ್ಯುತ್ತಿದ್ದರಂತೆ. ಕೆಳಗೆ ಹುಲ್ಲು, ಮೇಲೆ ಕಲ್ಲು. ದಾರಿಯಲ್ಲಿ ಅಕಾಲದ ಮಳೆ ಬಂತು. ಕಲ್ಲು ನೆನೆದು ಕಾದು, ಹುಲ್ಲಿಗೆ ಉರಿ ಹತ್ತಿತು. ಲಕ್ಕಪ್ಪ ಹಳ್ಳಕ್ಕೆ ಓಡಿ ಕೊಡ ತುಂಬಿ ತಂದು ಬಂಡಿಯ ಮೇಲೆ ಸುರುವಿದ. ಸುಣ್ಣ ಬುಸ್ಸೆಂದು ಕುದಿದು ಅವನ ಮುಖಕ್ಕೇ ಸಿಡಿಯಿತು.

"ಸುಟ್ಟ ಕಲ್ಲಿಗೆ ನೀರ ಬಿದ್ರ ಕುದಿತೈತಿ ಅನ್ನೂದು ನಾವು ಹುಟ್ಟಿದಾಗಿಂದ ನೋಡೇವ್ರಿ. ದಿನಾ ಅದ ಕೆಲಸ. ಆದ್ರ ಉರಿ ಕಂಡ ಕೂಡಲೆ ಅದು ನೆನಪ ಬರಲಿಲ್ಲ ನೋಡ್ರಿ. ಕೈ ಸೀದಾ ಕೊಡಕ್ಕ ಹೋತು. ತಲಿ ಹಿಂದ ಉಳೀತು. ಹಂಗ ಯಾಕಾತ್ರಿ?"

ಎಂಟು ವರ್ಷದಿಂದ ಈ ಪ್ರಶ್ನೆ ಅವಳ ಬೆನ್ನು ಬಿಟ್ಟಿರಲಿಲ್ಲ. ನಾನು "ಹಣೇಬರಹ" ಎಂದು ಹೇಳಿ ಕೈತೊಳೆದುಕೊಂಡೆ. ಆಕೆಗೆ ಆ ಉತ್ತರ ರುಚಿಸಲಿಲ್ಲ.

ಪೇಟೆಯ ಬೀದಿಯಲ್ಲಿ ಮೆಹಬೂಬನೆಂಬುವನ ಅಂಗಡಿ ಇತ್ತು. ಮದುವೆಗೆ, ನಾಟಕಕ್ಕೆ ಗ್ಯಾಸಿನ ಬತ್ತಿ ಬಾಡಿಗೆ ಕೊಡುವುದು ಅವನ ಉದ್ಯೋಗ. ಯುದ್ಧದ ದಿನಗಳು. ಸೀಮೆಎಣ್ಣೆ ರೇಶನ್ನಿನಲ್ಲಿ ಬೊಗಸೆಯಷ್ಟು ಸಿಗುತ್ತಿತ್ತು, ಹೀಗಾಗಿ ಮೆಹಬೂಬನ ಬತ್ತಿಗೆ ಎಲ್ಲಿಲ್ಲದ ಕರೆ. ಬತ್ತಿಯ ಕೆಳಗಿನ ಡಬ್ಬಿಯಲ್ಲಿ ಬೂದಿ ಬಣ್ಣದ ಕಲ್ಲು, ಮೇಲಿನ ಡಬ್ಬಿಯಲ್ಲಿ ನೀರು. ನೀರು ಹನಿಹನಿಯಾಗಿ ಕಲ್ಲಿನ ಮೇಲೆ ಬಿದ್ದರೆ ಬೆಳ್ಳುಳ್ಳಿ ನಾತದ ಗಾಳಿ ಏಳುತ್ತದೆ, ಕಡ್ಡಿ ಗೀರಿದರೆ ಅದು ಹಾಲಿನಂಥ ಬೆಳಕಾಗಿ ಉರಿಯುತ್ತದೆ. ಹುಬ್ಬಳ್ಳಿಯಿಂದ ಆ ಕಲ್ಲು ತಗಡಿನ ಪೀಪಾಯಿಗಳಲ್ಲಿ ಬಿಗಿಯಾಗಿ ಮುಚ್ಚಿಕೊಂಡು ಬರುತ್ತಿತ್ತು. ಊರವರಿಗೆ ಅದು ಗ್ಯಾಸಿನ ಕಲ್ಲು.

ಒಂದು ದಿನ ಮೆಹಬೂಬ ಉರಿದು ಮುಗಿದ ಬತ್ತಿಗಳನ್ನು ತೊಳೆದು, ಒಳಗಿನ ಬಿಳಿಯ ರಾಡಿಯನ್ನು ಗಟಾರಕ್ಕೆ ಚೆಲ್ಲುತ್ತಿದ್ದ. ಭರಮವ್ವ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ರಾಡಿಯನ್ನು ಬೆರಳಿಂದ ತಿಕ್ಕಿದಳು, ಮೂಸಿದಳು, ನಾಲಿಗೆಯ ತುದಿಗೂ ಮುಟ್ಟಿಸಿದಳಂತೆ. ಅಲ್ಲಿಂದ ನೆಟ್ಟಗೆ ದವಾಖಾನೆಗೆ ಬಂದಳು.

"ಸಾಹೇಬ್ರ, ಮೆಹಬೂಬ ಚೆಲ್ಲಾಕತ್ತಿದ್ದು ಸುಣ್ಣ ಐತ್ರಿ. ನಮ್ಮದ ಸುಣ್ಣ."

"ಗ್ಯಾಸಿನ ಕಲ್ಲು ಬ್ಯಾರೆ, ಸುಣ್ಣ ಬ್ಯಾರೆ. ನಿನಗ ಕಂಡದ್ದೆಲ್ಲಾ ಸುಣ್ಣ."

"ಇಪ್ಪತ್ತೈದ ವರ್ಷ ಆತ್ರಿ ಸುಣ್ಣ ಸುಡಾಕತ್ತು. ನನ್ನ ನಾಲಿಗಿ ಸುಳ್ಳ ಹೇಳೂದಿಲ್ಲ. ಸುಣ್ಣದ ಕಲ್ಲನ್ನ ಯಾರೋ ಮತ್ತೊಂದರ ಕೂಡ ಸುಟ್ಟಾರ. ನೀರ ಹಾಕಿದ್ರ ಆ ಮತ್ತೊಂದು ಗಾಳಿಯಾಗಿ ಹೊರಗ ಬರತೈತಿ, ಸುಣ್ಣ ಕೆಳಗ ಉಳಿತೈತಿ. ಹೌದಲ್ರಿ?"

ಹೌದು. ಅಕ್ಷರಶಃ ಹೌದು. ಸುಣ್ಣವನ್ನೂ ಇದ್ದಿಲನ್ನೂ ಕೂಡಿಸಿ ಭಾರಿ ಕುಲುಮೆಯಲ್ಲಿ ಸುಟ್ಟರೆ ಆ ಕಲ್ಲು ಆಗುತ್ತದೆ ಎಂದು ಧಾರವಾಡದಲ್ಲಿ ನಮಗೆ ಪಾಠ ಮಾಡಿದ್ದರು. ನಾನು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಮರೆತಿದ್ದೆ. ಅಕ್ಷರ ಬಾರದ ಈ ಹೆಂಗಸು ಗಟಾರದ ಮುಂದೆ ಕೂತು ಅದನ್ನು ಕಂಡುಹಿಡಿದಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು. "ಅದು ಅಸಿಟಿಲೀನ್ ಅಂತ, ನಿನಗ ತಿಳಿಯೂದಿಲ್ಲ" ಎಂದು ಒಂದು ಇಂಗ್ಲಿಷ್ ಶಬ್ದ ಎಸೆದು ಒಳಗೆ ಹೋದೆ.

ಅದಾಗಿ ವಾರದೊಳಗೆ ಹುಬ್ಬು ಸುಟ್ಟುಕೊಂಡು ಬಂದಳು. ತೆಂಗಿನ ಚಿಪ್ಪಿನಲ್ಲಿ ಮೆಹಬೂಬನಿಂದ ತಂದ ಗ್ಯಾಸಿನ ಕಲ್ಲಿನ ಚೂರು ಇಟ್ಟು, ನೀರು ಬಿಟ್ಟು, ಮೇಲೆ ಇನ್ನೊಂದು ಚಿಪ್ಪು ಮುಚ್ಚಿ, ಸಂದಿಗೆ ಕೆಂಡ ಹಿಡಿದಿದ್ದಳು. ಮೇಲಿನ ಚಿಪ್ಪು ಹಾರಿ ಮಾಡಿನ ಹಂಚು ಒಡೆಯಿತಂತೆ. ಮುಲಾಮು ಹಚ್ಚುತ್ತ ಬಾಯಿಗೆ ಬಂದಂತೆ ಬೈದೆ. ಆಕೆ ಬೈಸಿಕೊಳ್ಳುತ್ತಲೇ ಖುಷಿಯಲ್ಲಿದ್ದಳು.

"ಅದಕ್ಕ ನೀರ ಅಂದ್ರ ಎಣ್ಣಿ ಇದ್ದಂಗರಿ. ಮತ್ತ ಒಂದ ತಮಾಷಿ ನೋಡ್ರಿ, ಮ್ಯಾಲ ಒಣಾ ಬೂದಿ ಹಾಕಿದ್ರ ಸುಮ್ಮನ ಕುಂದರತೈತಿ. ನಮ್ಮ ಭಟ್ಟಿ ಬೂದಿ ಹಾಕಿ ನೋಡೇನಿ."

ಅಂದಿನಿಂದ ಮೆಹಬೂಬನಿಗೂ ಅವಳಿಗೂ ಒಪ್ಪಂದವಾಯಿತು. ಅವನ ರಾಡಿಯನ್ನೆಲ್ಲ ಅವಳು ಒಯ್ದು ಬಡವರ ಗೋಡೆಗೆ ಬಳಿಯುತ್ತಿದ್ದಳು. ನಮ್ಮೂರಲ್ಲಿ ಎಷ್ಟೋ ಮನೆಗಳು ಆ ವರ್ಷ ಬೆಳ್ಳುಳ್ಳಿ ನಾತ ಹೊಡೆದವು.

ಇನ್ನು ಆ ಮಂಗಳವಾರದ ಸುದ್ದಿಗೆ ಬರುತ್ತೇನೆ. ನಲವತ್ನಾಲ್ಕನೆಯ ಇಸವಿ, ವೈಶಾಖದ ಬಿಸಿಲು, ಮಧ್ಯಾಹ್ನ ಮೂರರ ಹೊತ್ತು. ಮೆಹಬೂಬನ ಅಂಗಡಿಯ ಹಿಂದೆ ಒಂದು ದನದ ಕೊಟ್ಟಿಗೆ, ಅದರ ಪಕ್ಕ ಹುಲ್ಲಿನ ಬಣವೆ. ಬಣವೆಗೆ ಕಿಡಿ ಹತ್ತಿದ್ದು ಎಲ್ಲಿಂದ ಎಂದು ಇವತ್ತಿಗೂ ಗೊತ್ತಿಲ್ಲ. ಚಾವಡಿಯ ಮುಂದೆ ಹಲಗೆ ಬಾರಿಸಿದರು.

ನಮ್ಮ ಪೇಟೆಯಲ್ಲಿ ಬೆಂಕಿಯ ಹಲಗೆಗೆ ಒಂದು ಕಟ್ಟಳೆ ಇತ್ತು. ಸದ್ದು ಕೇಳಿದ ಮನೆಯಿಂದ ಒಂದು ತುಂಬಿದ ಕೊಡ ಬರಲೇಬೇಕು. ಜಾತಿ ಕೇಳುವಂತಿಲ್ಲ, ಹಗೆ ನೆನೆಯುವಂತಿಲ್ಲ. ಬಾಣಂತಿಗೆ ಕಾಸಿದ ನೀರಾದರೂ ಸರಿ, ತರಬೇಕು. ಕೊಡ ಬಾರದ ಮನೆಗೆ ಮರುದಿನದಿಂದ ಒಲೆ ಹಚ್ಚಲು ಯಾರೂ ಕೆಂಡ ಕೊಡುತ್ತಿರಲಿಲ್ಲ. ಬಾವಿಯಿಂದ ಬೆಂಕಿಯವರೆಗೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುವುದನ್ನು ನೋಡಿದರೆ ಈ ಊರಿನ ಮೇಲೆ ಪ್ರೀತಿ ಉಕ್ಕುತ್ತಿತ್ತು.

ಅವತ್ತೂ ಹಾಗೆಯೇ ನಡೆಯಿತು. ಬಣವೆಯ ಉರಿ ನೀರಿಗೆ ಬಗ್ಗಿತು. ಆದರೆ ಅಷ್ಟರಲ್ಲಿ ಅಂಗಡಿಯ ಹಿಂದಿನ ಕೋಣೆಯ, ಬಿದಿರಿನ ಮೇಲೆ ಹಂಚು ಹೊದಿಸಿದ ಮಾಡಿಗೆ ಬೆಂಕಿ ದಾಟಿತ್ತು. ಆ ಕೋಣೆಯಲ್ಲಿ ಗ್ಯಾಸಿನ ಕಲ್ಲಿನ ಪೀಪಾಯಿಗಳಿದ್ದವು. ಮೆಹಬೂಬ ಒಳಗೆ ನುಗ್ಗಿ ಎರಡು ಪೀಪಾಯಿಗಳನ್ನು ಉರುಳಿಸಿ ಹೊರಗೆ ತಂದ. ಮೂರನೆಯದರ ಮುಚ್ಚಳ ತೆಗೆದದ್ದಿತ್ತು. ಅದು ಮಗುಚಿ ಕಲ್ಲುಗಳು ನೆಲದ ತುಂಬ ಚೆಲ್ಲಿದವು, ಮೇಲಿಂದ ಒಂದು ತೊಲೆ ಬಿದ್ದು ಮೆಹಬೂಬನ ಕಾಲು ಸಿಕ್ಕಿಕೊಂಡಿತು. ಅವನು ಹಿಂದಿನ ಗೋಡೆಗೆ, ಬಾಗಿಲು ಮುಂದೆ, ನಡುವೆ ಚೆಲ್ಲಿದ ಕಲ್ಲು. "ಯಾ ಅಲ್ಲಾ, ಕಾಲು" ಎಂಬ ಅವನ ದನಿ ಬೀದಿಗೆ ಕೇಳುತ್ತಿತ್ತು.

ನಾನು ಎದುರಿನ ಕಟ್ಟೆಯ ಮೇಲೆ ನಿಂತು ಹುಕುಂ ಕೊಡುತ್ತಿದ್ದೆ. ಓದಿದವನಲ್ಲವೇ. "ಒಳಗ ಹಾಕ್ರಿ ನೀರು, ಬಾಗಲದಾಗಿಂದ ಹಾಕ್ರಿ" ಎಂದವನು ನಾನೇ. ಬೇರೆ ಯಾರ ಮೇಲೂ ಇದನ್ನು ಹೊರಿಸುವಂತಿಲ್ಲ.

ಮೊದಲ ನಾಲ್ಕು ಕೊಡ ಹೊಸ್ತಿಲು ದಾಟಿದ್ದವೋ ಇಲ್ಲವೋ, ಒಳಗಿಂದ ಬುಸುಗುಟ್ಟುವ ಸದ್ದು ಬಂತು, ಬೆಳ್ಳುಳ್ಳಿ ನಾತ ಮೂಗಿಗೆ ಹೊಡೆಯಿತು. ಮರುಕ್ಷಣ ನೆಲದಿಂದಲೇ ಆಳೆತ್ತರದ ಬಿಳಿಯ ಉರಿ ಎದ್ದು, ಮುಂದೆ ನಿಂತ ಇಬ್ಬರ ಧೋತರದ ಅಂಚು ಸುಟ್ಟಿತು. ಜನ ಎರಡು ಹೆಜ್ಜೆ ಹಿಂದೆ ಸರಿದು, ಉರಿ ಜಾಸ್ತಿಯಾಯಿತೆಂದು ಇನ್ನಷ್ಟು ಕೊಡಕ್ಕೆ ಕೂಗಿದರು. ಆ ನಾತ ಬಂದಾಗಲೇ ನನಗೆ ಎಲ್ಲ ನೆನಪಾಯಿತು. ಧಾರವಾಡದ ಪಾಠ, ತೆಂಗಿನ ಚಿಪ್ಪು, ಸುಟ್ಟ ಹುಬ್ಬು.

ಭರಮವ್ವ ಸುಣ್ಣ ಹಾಕಿ ಬರುವ ದಾರಿಯಲ್ಲಿದ್ದಳು. ಹಿಂದೆ ಲಕ್ಕಪ್ಪ, ತಲೆಯ ಮೇಲೆ ಖಾಲಿ ಬುಟ್ಟಿ. ನಾತ ಮೂಗಿಗೆ ಬಡಿದದ್ದೇ ಗಂಡನ ಕೈಯಿಂದ ಸೆರಗು ಬಿಡಿಸಿಕೊಂಡು ಓಡಿ ಬಂದಳು. ಬಡಗೇರ ಸಾವಂತ್ರವ್ವ ತನ್ನ ಮಣ್ಣಿನ ಕೊಡ ಎತ್ತಿ ಇನ್ನೇನು ಬಾಗಿಲೊಳಗೆ ಸುರುವಬೇಕು, ಭರಮವ್ವ ಕೈಯಲ್ಲಿದ್ದ ಸುಣ್ಣದ ಸಲಿಕೆಯಿಂದ ಆ ಕೊಡಕ್ಕೆ ಹೊಡೆದಳು. ಕೊಡ ಒಡೆದು ನೀರು ಬೀದಿಯ ಪಾಲಾಯಿತು.

ತುಂಬಿದ ಕೊಡ ಒಡೆಯುವುದು ಹೆಣದ ಮುಂದೆ. ಅದೂ ಮುತ್ತೈದೆಯ ಕೈಯಲ್ಲಿದ್ದ ಕೊಡ, ಬೆಂಕಿಗೆ ತಂದ ಕೊಡ. ಊರಿನಿಂದ ಹೊರಗೆ ಹಾಕಲು ಅಷ್ಟು ಸಾಕಿತ್ತು. ಪೊಲೀಸ್ ಪಾಟೀಲ ಹೊಳಬಸಪ್ಪನವರು ಮುಂದೆ ಬಂದರು.

"ಭರಮವ್ವ, ತಲಿಗಿಲಿ ಕೆಟ್ಟೈತೇನ? ಒಳಗ ಜೀವ ಐತಿ. ಬಾಗಲಾ ಬಿಡು."

"ಜೀವ ಐತಿ ಅಂತನ ಅಡ್ಡ ನಿಂತೇನ್ರಿ, ಗೌಡ್ರ. ಅದು ನೀರ ಕುಡುದು ಉರಿಯೂ ಕಲ್ಲು. ಇನ್ನ ಹತ್ತ ಕೊಡ ಹಾಕಿದ್ರ ಮೆಹಬೂಬ ಉಳಿಯೂದಿಲ್ಲ. ಒಣಾ ಉಸುಕ ತರಸ್ರಿ, ಬೂದಿ ತರಸ್ರಿ."

"ಬೆಂಕಿಗೆ ನೀರ ಬ್ಯಾಡ ಅಂತೀಯಲ್ಲ, ನಿನ್ನ ಮಾತ ಕೇಳಿ ಅವ ಸತ್ರ ಯಾರ ಜವಾಬು?" ಎಂದು ಕೇಳಿ, ಪಾಟೀಲರು ಕಟ್ಟೆಯ ಕಡೆ ತಿರುಗಿದರು. "ಕುಬೇರಪ್ಪನವ್ರ, ನೀವು ಓದಿದವ್ರು. ಈಕಿ ಹೇಳೂದು ಖರೇ ಏನು?"

ಬೀದಿಯ ಮುಖಗಳೆಲ್ಲ ನನ್ನ ಕಡೆ ತಿರುಗಿದವು. ಹೌದು ಎಂದು ಒಂದು ಮಾತು ಹೇಳಬೇಕಿತ್ತು. ಹೇಳಿದರೆ, ಆ ನಾಲ್ಕು ಕೊಡ ಹಾಕಿಸಿದವನು ನಾನು ಎಂಬುದು ಅದರ ಹಿಂದೆಯೇ ಬರುತ್ತಿತ್ತು. ನಾನು ಕೆಮ್ಮಿದೆ. ಒಳಗೆ ಮೆಹಬೂಬನ ದನಿ ಸಣ್ಣದಾಗುತ್ತಿತ್ತು.

ಆಗ ಮಾತಾಡಿದವನು ಲಕ್ಕಪ್ಪ. ಗೋಡೆ ತಡವುತ್ತ ಜನರ ನಡುವೆ ಬಂದು, ಕಣ್ಣಿಗೆ ಕಟ್ಟಿದ್ದ ಅರಿವೆ ಬಿಚ್ಚಿದ. ಎಂಟು ವರ್ಷ ಅವನು ಆ ಕಣ್ಣುಗಳನ್ನು ಊರಿಗೆ ತೋರಿಸಿರಲಿಲ್ಲ.

"ಗೌಡ್ರ, ಎಲ್ಲಿದ್ದೀರಿ ನನಗ ಕಾಣೂದಿಲ್ಲ. ನನ್ನ ಕಣ್ಣ ನೋಡ್ರಿ. ನಾನೂ ನೀರ ಹಾಕಿದ್ದೆ."

ಅಷ್ಟೇ ಹೇಳಿದ. ಪಾಟೀಲರು ಆ ಕಣ್ಣುಗಳನ್ನು ಒಂದು ಗಳಿಗೆ ನೋಡಿ, ತಮ್ಮ ಕೈಯಲ್ಲಿದ್ದ ಕೊಡವನ್ನು ನೆಲಕ್ಕೆ ಇಳಿಸಿದರು. "ಉಸುಕ ತರ್ರಿ" ಎಂದರು.

ಮಠದ ಕಟ್ಟಡಕ್ಕೆಂದು ಬೀದಿಯ ತಿರುವಿನಲ್ಲಿ ಹೊಳೆಯ ಉಸುಕು ಹಾಕಿದ್ದರು, ಬೇಸಿಗೆಗೆ ಕಾದು ಹುರಿದ ಹಿಟ್ಟಿನಂತೆ ಒಣಗಿತ್ತು. ಹೆಂಗಸರು ಕೊಡದ ನೀರು ಚೆಲ್ಲಿ ಉಸುಕು ತುಂಬಲು ಹೋದರೆ ಭರಮವ್ವ ಅಲ್ಲಿಂದಲೇ ಗದರಿದಳು. "ಹಸಿ ಕೊಡದಾಗ ಬ್ಯಾಡ್ರೆವ್ವ, ಬುಟ್ಟಿ ತರ್ರಿ, ಮೊರ ತರ್ರಿ." ಅದೇ ಸಾಲು, ಅದೇ ಕೈಗಳು, ಈಗ ಬುಟ್ಟಿ ದಾಟಿಸಿದವು. ಸಾವಂತ್ರವ್ವ ಮಡಿಲಲ್ಲೇ ಉಸುಕು ತಂದಳು. ನೀರಿನ ಕೊಡಗಳನ್ನು ಭರಮವ್ವ ಅಕ್ಕಪಕ್ಕದ ಮನೆಗಳ ಮಾಡಿಗೆ ಮಾತ್ರ ಹಾಕಿಸಿದಳು. ಇಬ್ಬರು ಗಂಡಸರನ್ನು ಪಕ್ಕದ ಗೋಡೆಗೆ ಹತ್ತಿಸಿ, ಉದ್ದನೆಯ ಗಳದಿಂದ ಕೋಣೆಯ ಮೇಲಿನ ಹಂಚು ಕೀಳಿಸಿದಳು. ಭಟ್ಟಿಗೆ ಬಾಯಿ ಬಿಡುವಂತೆ ಇದಕ್ಕೂ ಬಿಡಬೇಕು, ಗಾಳಿ ಒಳಗೆ ಕೂಡಿಕೊಂಡರೆ ಚಿಪ್ಪು ಹಾರಿದ ಹಾಗೆ ಮನೆ ಹಾರುತ್ತದೆ ಎಂದಳು. ಆಮೇಲೆ ತಾನೇ ಮುಂದಾಗಿ, ಸಲಿಕೆಯಿಂದ ಉಸುಕು ಬೀಸುತ್ತ, ಉರಿಯ ನಡುವೆ ಎರಡಡಿ ಅಗಲದ ದಾರಿ ಮಾಡಿಕೊಂಡು ಒಳಗೆ ಹೋದಳು. ಪಾಟೀಲರು ಹಿಂದೆಯೇ ಹೋಗಿ ತೊಲೆ ಎತ್ತಿದರು. ಮೆಹಬೂಬನನ್ನು ಎಳೆದು ತಂದಾಗ ಅವನ ಕಾಲಿನ ಎಲುಬು ಮುರಿದಿತ್ತು, ಉಸಿರು ಇತ್ತು. ಎಲುಬು ಕಟ್ಟಿದವನು ನಾನು.

ದೀಪ ಹಚ್ಚುವ ಹೊತ್ತಿನವರೆಗೂ ಉಸುಕಿನ ಸಂದಿಯಿಂದ ಸಣ್ಣ ಸಣ್ಣ ಉರಿ ಹಣಿಕಿ ಹಾಕುತ್ತಿತ್ತು. ಭರಮವ್ವ ಅದರ ಮುಂದೆ ಕೂತು, ಯಾವುದು ಎಲ್ಲಿ ಏಳುತ್ತದೆ, ಎಷ್ಟು ಬುಟ್ಟಿಗೆ ಆರುತ್ತದೆ ಎಂದು ನೋಡುತ್ತಿದ್ದಳು. ಎರಡು ದಿನ ಯಾರನ್ನೂ ನೀರು ಹಿಡಿದು ಹತ್ತಿರ ಬಿಡಲಿಲ್ಲ. ಮೂರನೆಯ ದಿನ ಉಳಿದ ಕಲ್ಲುಗಳನ್ನು ಒಣ ಬುಟ್ಟಿಗಳಲ್ಲಿ ಊರ ಹೊರಗಿನ ಬಯಲಿಗೆ ಒಯ್ದು, ಒಂದೊಂದೇ ಚೂರನ್ನು ನೀರಿನ ಗುಂಡಿಗೆ ಹಾಕಿ ಸುಣ್ಣ ಮಾಡಿ ಮುಗಿಸಿದಳು. ಆ ಸುಣ್ಣದಲ್ಲೇ ಮೆಹಬೂಬನ ಅಂಗಡಿಯ ಗೋಡೆಗೆ ಬಳಿದಳು. ಸಾವಂತ್ರವ್ವನಿಗೆ ಹೊಸ ಕೊಡ ತಂದುಕೊಟ್ಟಳು.

ವಾರದ ನಂತರ ಮಾಮಲೇದಾರರಿಂದ ನನಗೆ ಕಾಗದ ಬಂತು. ಬೆಂಕಿ ಹೇಗೆ ಆರಿತು ಎಂದು ವರದಿ ಬರೆಯಬೇಕು, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯೂ ಗ್ಯಾಸಿನ ಕಲ್ಲು ಇಡುವವರಿದ್ದಾರೆ, ಅವರಿಗೆ ತಿಳಿಸಬೇಕು ಎಂದಿತ್ತು. ನಾನು ಚೆಂದದ ಅಕ್ಷರದಲ್ಲಿ ಬರೆದೆ. "ದವಾಖಾನೆಯ ಕಂಪೌಂಡರನ ಸಲಹೆಯ ಮೇರೆಗೆ ನೀರು ನಿಲ್ಲಿಸಿ, ಒಣ ಉಸುಕು ಹಾಕಲಾಯಿತು." ಬರೆಯುವಾಗ ನಾಚಿಕೆ ಆಗಲಿಲ್ಲ ಎಂದರೆ ಸುಳ್ಳು. ಆದರೂ ಬರೆದೆ.

ಮರುದಿನ ಗಂಡಹೆಂಡತಿ ಮುಲಾಮಿಗೆ ಬಂದರು. ಮೇಜಿನ ಮೇಲಿನ ಹಾಳೆ ನೋಡಿ, "ಅದ್ರಾಗ ಏನ ಬರದೀರಿ, ಓದ್ರಿ ಕೇಳೂಣು" ಎಂದಳು. ನಾನು ಓದಿದೆ. ಆ ಸಾಲಿಗೆ ಬಂದಾಗ ಬಾಯಲ್ಲಿ ಬದಲಿಸಿ, "ಸುಣಗಾರ ಭರಮವ್ವನ ಸಲಹೆಯ ಮೇರೆಗೆ" ಎಂದು ಓದಿದೆ. ಅವಳಿಗೆ ಓದು ಬಾರದು, ಅವನಿಗೆ ಕಣ್ಣಿಲ್ಲ. ಯಾರಿಗೆ ತಿಳಿದೀತು?

ಲಕ್ಕಪ್ಪ ತಲೆ ಎತ್ತಿದ. "ಸಾಹೇಬ್ರ, ಈಕಿ ಹೆಸರಿನ ಕಡೆ ನಿಮ್ಮ ದನಿ ತಡೀತಲ್ರಿ."

ಅವನು ಸಹಜವಾಗಿಯೇ ಕೇಳಿದ. ನನಗೆ ಮಾತ್ರ ಸಿಕ್ಕಿಬಿದ್ದೆ ಎನಿಸಿತು. ಹಾಳೆಯನ್ನು ನಾಲ್ಕು ತುಂಡು ಮಾಡಿ ಹರಿದೆ. ಅವರ ಮುಂದೆಯೇ ಹೊಸ ಹಾಳೆ ತೆಗೆದು, ನಾಲ್ಕು ಕೊಡ ಹಾಕಿಸಿದವನು ನಾನು ಎಂಬುದರಿಂದ ಶುರುಮಾಡಿ, ಇದ್ದದ್ದು ಇದ್ದ ಹಾಗೆ ಬರೆದು ಓದಿ ಹೇಳಿದೆ. ದನಿ ಎಲ್ಲಿಯೂ ತಡೆಯಲಿಲ್ಲ. ಈಗ ಆಕೆ ಹಿಗ್ಗುತ್ತಾಳೆ, ನನಗೂ ಹಗುರಾಗುತ್ತದೆ ಎಂದುಕೊಂಡೆ.

ಭರಮವ್ವನಿಗೆ ಹೆಸರಿನ ಕಡೆ ಲಕ್ಷ್ಯವೇ ಇರಲಿಲ್ಲ. ಅವಳು ಬೇರೆ ಯಾವುದನ್ನೋ ಹಿಡಿದು ಯೋಚಿಸುತ್ತಿದ್ದಳು.

"ಅವತ್ತ ಗೌಡ್ರು ಕೇಳಿದಾಗ, ನಾ ಹೇಳೂದು ಖರೇ ಅಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಉರಿ ಕಂಡಾಗ ನಮ್ಮ ಮನಿಯವ್ರ ಕೈ ಮುಂದ ಹೋಗಿ ತಲಿ ಹಿಂದ ಉಳೀತು. ನಿಮ್ಮ ತಲಿ ಮುಂದ ಹೋಗಿತ್ತು. ಬಾಯಿ ಯಾಕ ಹಿಂದ ಉಳೀತ್ರಿ?"

ದನಿಯಲ್ಲಿ ಸಿಟ್ಟು ಇರಲಿಲ್ಲ, ಚುಚ್ಚು ಇರಲಿಲ್ಲ. ಮುಲಾಮು ಯಾಕೆ ಬೆಳ್ಳಗೆ ಎಂದು ಕೇಳಿದಾಗ ಇದ್ದ ದನಿಯೇ. ಆಕೆಗೆ ನಿಜವಾಗಿಯೂ ತಿಳಿಯಬೇಕಿತ್ತು. ಸುಟ್ಟ ಕಲ್ಲಿಗೆ ನೀರು ಬಿಟ್ಟು ಕಾಯುವವಳ ಹಾಗೆ, ನನ್ನ ಮುಖ ನೋಡುತ್ತ ನಿಂತಳು. ನಾಳೆ ಹೇಳುತ್ತೇನೆ ಎಂದೆ.

ಅದಾಗಿ ಐದು ವರ್ಷ ಆಕೆ ತಿಂಗಳಿಗೊಮ್ಮೆ ಮುಲಾಮಿಗೆ ಬಂದಳು. ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಡಬ್ಬಿ ಇಸಿದುಕೊಂಡ ಮೇಲೆ ಒಂದು ಗಳಿಗೆ ನಿಲ್ಲುತ್ತಿದ್ದಳು, ಇವತ್ತು ಹೇಳುತ್ತೇನೇನೋ ಎಂದು. ನಾನು ತೊಳೆದ ಬಾಟಲಿಗಳನ್ನೇ ಮತ್ತೆ ತೊಳೆಯುತ್ತಿದ್ದೆ.